ದಾರಿಗನಿಗೊಂದು ದಾರಿ

ನಡೆಯುವವನ ಹಾದಿಗೆ ಕನ್ನಡ ನುಡಿಯಲ್ಲಿ ಹೆಸರುಗಳು ಹಲವು. ಹಾದಿ, ದಾರಿ, ಕಾಲುದಾರಿ, ಸೀಳುದಾರಿ, ಓಣಿ, ಬಂಡಿಯ ಜಾಡು, ಬೆಟ್ಟಗಳ ನಡುವಿನ ಕಣಿವೆ, ಹಳ್ಳವು ಬೆಟ್ಟವನ್ನು ಕೊರೆದು ಹೊರಬೀಳುವಲ್ಲಿ ಗಂಡಿ - ಹೀಗೆ ಒಂದೊಂದು ಬಗೆಯ ನೆಲಕ್ಕೂ ಒಂದೊಂದು ಮಾತು. ಹಳಗನ್ನಡದ ಕವಿಗಳು ದಾರಿಯನ್ನು ‘ಬಟ್ಟೆ’ ಎಂದು ಕರೆದರು. ಇಂದು ತರಗತಿಯಲ್ಲಿ ಹಳೆಯ ಕಾವ್ಯವನ್ನು ಓದಿಸುವಾಗ ‘ಬಟ್ಟೆಗೆಟ್ಟವನು’ ಎಂಬ ಮಾತು ಬಂದರೆ ಮಕ್ಕಳು ಬಾಯಿಗೆ ಕೈಯಿಟ್ಟುಕೊಂಡು ನಗುತ್ತಾರೆ. ಅರಿವೆ ಕಳೆದುಕೊಂಡವನೆಂದು ಅವರ ಎಣಿಕೆ. ದಾರಿ ತಪ್ಪಿದವನೆಂದು ಅರ್ಥ ಬಿಡಿಸಿ ಹೇಳಿದ ಮೇಲೂ ನಗು ನಿಲ್ಲುವುದಿಲ್ಲ. ತಪ್ಪು ಮಕ್ಕಳದಲ್ಲ. ಪದವು ತನ್ನ ಅರ್ಥವನ್ನು ಕಳೆದುಕೊಂಡಂತೆಯೇ ನಾಡು ಆ ಪದಾರ್ಥವನ್ನೂ ಕಳೆದುಕೊಳ್ಳುತ್ತ ಬಂದಿದೆ. ಈಗ ಎಲ್ಲರ ಬಾಯಲ್ಲೂ ಇರುವುದು ಪಾರಸಿಯಿಂದ ಬಂದ ‘ರಸ್ತೆ’ ಒಂದೇ. ಹಾದಿಯನ್ನು ಕಾಲು ಮಾಡುತ್ತದೆ. ರಸ್ತೆಯನ್ನು ಇಂದು ಚಕ್ರಕ್ಕಾಗಿ ಮಾಡುತ್ತಾರೆ. ಈ ಎರಡನ್ನೂ ಒಂದೆಂದು ತಿಳಿದುದರಿಂದ ಎಷ್ಟು ಕಷ್ಟ ಒದಗಿತೆಂಬುದನ್ನು ಹೊಸಪೇಟೆ, ಸಂಡೂರು, ಕಂಪ್ಲಿಗಳ ಪಾದಯಾತ್ರಿಕರು ಬಲ್ಲರು.

ಉಗಾದಿ ಸಮೀಪಿಸಿತೆಂದರೆ ಉತ್ತರ ಕರ್ನಾಟಕದ ಊರೂರುಗಳಿಂದ ಶ್ರೀಶೈಲದ ಕಡೆಗೆ ಕಾಲುಗಳು ಹೊರಡುತ್ತವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಗಳಿಂದ ಸಾವಿರಾರು ಭಕ್ತರು, ಕೆಲವರು ಕಂಬಿಯನ್ನು ಹೊತ್ತು, ಕೆಲವರು ಮರಗಾಲು ಕಟ್ಟಿಕೊಂಡು, ಬಹುಮಂದಿ ಬರಿಗಾಲಿನಲ್ಲಿ ನಡೆಯುತ್ತಾರೆ. ಭ್ರಮರಾಂಬೆ ಕನ್ನಡಿಗರ ಮನೆಮಗಳು, ಮಲ್ಲಯ್ಯ ಅಳಿಯ ಎಂಬ ನಂಬಿಕೆ ಈ ಜನರಲ್ಲಿ ಬೇರೂರಿದೆ. ಮಗಳ ಮನೆಗೆ ಹೋಗುವವರಂತೆ ಸೀರೆ, ಕುಪ್ಪಸ, ಬಳೆಗಳನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋಗುವ ಮುದುಕಿಯರನ್ನು ಇಂದಿಗೂ ಕಾಣಬಹುದು.

ಹಂಪಿಗೂ ಶ್ರೀಶೈಲಕ್ಕೂ ಇರುವ ನಂಟು ಹೊಸದಲ್ಲ. ಉಡುತಡಿಯಿಂದ ಹೊರಟು ಕಲ್ಯಾಣವನ್ನು ಕಂಡು ಶ್ರೀಗಿರಿಯ ಕದಳಿಯನ್ನು ಸೇರಿದ ಮಹಾದೇವಿಯಕ್ಕನ ಚರಿತೆಯನ್ನು ರಗಳೆಯಾಗಿ ಹಾಡಿದವನು ಹಂಪೆಯ ಹರಿಹರ. ವಿರೂಪಾಕ್ಷನ ಸನ್ನಿಧಿಯಲ್ಲಿ ನಿಂತ ಕವಿಯ ಮನಸ್ಸು ಮಲ್ಲಿಕಾರ್ಜುನನವರೆಗೆ ನಡೆದು ಹೋಯಿತು. ಮುಂದೆ 14ನೆಯ ಶತಮಾನದ ಕೊನೆಯಲ್ಲಿ ವಿಜಯನಗರದ ಎರಡನೆಯ ಹರಿಹರರಾಯನ ರಾಣಿ ವಿಠ್ಠಲಾಂಬೆ ಶ್ರೀಶೈಲದಲ್ಲಿ ಪಾತಾಳಗಂಗೆಗೆ ಇಳಿಯುವ ಸೋಪಾನಗಳನ್ನು ಕಟ್ಟಿಸಿದಳು. ಅದೇ ಶತಮಾನದಲ್ಲಿ ಆಕೆಗಿಂತ ಮೊದಲು, ರೆಡ್ಡಿ ಅರಸುಮನೆತನದ ಮೂಲಪುರುಷನಾದ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲುಗಳನ್ನು ಹಾಕಿಸಿದ್ದನು. ಅರಸರು ಗೋಪುರ ಕಟ್ಟಿಸಿದ್ದನ್ನು ಎಲ್ಲರೂ ಹೊಗಳುತ್ತಾರೆ. ಮೆಟ್ಟಿಲು ಕಟ್ಟಿಸಿದ್ದನ್ನು ಬಲ್ಲವರು ಕಾಲು ನೋಯಿಸಿಕೊಂಡವರು ಮಾತ್ರ.

ಈ ಯಾತ್ರೆ ನಡೆಯುವುದು ಬಿರುಬೇಸಗೆಯ ಬಾಗಿಲಲ್ಲಿ. ಫಾಲ್ಗುಣ ಕಳೆಯುತ್ತ ಚೈತ್ರ ಹತ್ತಿರವಾದಂತೆ ಬಳ್ಳಾರಿ ಸೀಮೆಯ ಬಿಸಿಲು ಹೇಗಿರುತ್ತದೆಂಬುದನ್ನು ಈ ಸಂಚಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಮಣ್ಣಿನ ಹಾದಿ ಬೇಗ ಕಾಯುವುದಿಲ್ಲ. ಕಾದರೂ ಬೇಗ ಆರುತ್ತದೆ. ಡಾಂಬರು ಹಾಗಲ್ಲ. ಹತ್ತು ಗಂಟೆಗೆ ಕಾದ ಡಾಂಬರು ದೀಪ ಹಚ್ಚುವ ಹೊತ್ತಾದರೂ ಅಂಗಾಲನ್ನು ಸುಡುತ್ತದೆ. ಆದುದರಿಂದ ಯಾತ್ರಿಕರು ಹಗಲೆಲ್ಲ ಮರದಡಿಯಲ್ಲಿ ಮಲಗಿ, ರಾತ್ರಿ ನಡೆಯುವ ಪದ್ಧತಿಯನ್ನು ಹಿಡಿದರು. ರಾತ್ರಿ ನಡೆದುದರಿಂದ ಲಾರಿಗಳ ಕಣ್ಣಿಗೆ ಬೀಳದಾದರು. ಒಂದು ತೊಂದರೆಯನ್ನು ತಪ್ಪಿಸಿಕೊಳ್ಳಲು ಹೋಗಿ ಅದಕ್ಕಿಂತ ದೊಡ್ಡದರ ಬಾಯಿಗೆ ಬಿದ್ದಂತಾಯಿತು. ಹಗಲು ರಸ್ತೆಗೆ, ಇರುಳು ಯಾತ್ರಿಕನಿಗೆ ಎಂಬ ಈ ಹಂಚಿಕೆ ಎಂದು ಆಯಿತೋ ಯಾರೂ ಅರಿಯರು. ಆದರೆ ಅದನ್ನು ಪ್ರಶ್ನಿಸಿದವರು ಬಹುಕಾಲ ಯಾರೂ ಇರಲಿಲ್ಲ.

ಪ್ರಶ್ನಿಸಿದವರು ಒಬ್ಬ ಭೂಗೋಳದ ಮಾಸ್ತರರು. ಸೇವೆಯಿಂದ ನಿವೃತ್ತರಾದ ಮೇಲೆ ಪ್ರತಿವರ್ಷ ಸಂಡೂರು, ಹೊಸಪೇಟೆ, ಕಂಪ್ಲಿಗಳ ಐವತ್ತು ಅರುವತ್ತು ಮಂದಿಯನ್ನು ಕಟ್ಟಿಕೊಂಡು ಶ್ರೀಶೈಲಕ್ಕೆ ಹೋಗಿಬರುವುದು ಅವರ ವ್ರತವಾಗಿತ್ತು. ಸಂಡೂರಿನವರು ಮೊದಲು ಹೊರಟು ಹೊಸಪೇಟೆಗೆ ಬರುವರು; ಅಲ್ಲಿಂದ ಎಲ್ಲರೂ ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಕಾಯಿ ಒಡೆದು, ಕಂಪ್ಲಿ, ಸಿರುಗುಪ್ಪ, ಆದವಾನಿ, ಎಮ್ಮಿಗನೂರು, ಕರ್ನೂಲು, ನಂದಿಕೋಟ್ಕೂರುಗಳ ಮೇಲೆ ಆತ್ಮಕೂರನ್ನು ಸೇರುವರು. ಇದು ಬಹುವರ್ಷಗಳಿಂದ ನಡೆದುಬಂದ ದಾರಿ.

ಅದಿರಿನ ಲಾರಿಗಳ ಸಾಲಿಗೆ ಕೊನೆಮೊದಲಿಲ್ಲದ ವರ್ಷಗಳವು. ಸಂಡೂರಿನ ಬೆಟ್ಟಗಳಿಂದ ಹೊರಟ ಕೆಂಪು ಧೂಳು ಹೊಸಪೇಟೆಯ ಬೇವಿನ ಎಲೆಗಳ ಮೇಲೆ ಕುಳಿತಿರುತ್ತಿತ್ತು. ಅಂತಹ ಒಂದು ವರ್ಷ, ಮೊದಲ ಹೆಜ್ಜೆಯಿಂದಲೇ ಜೊತೆಯಲ್ಲಿರಬೇಕೆಂಬ ಹಂಬಲದಿಂದ ಕಂಪ್ಲಿಯ ಕಡೆಯ ಯುವ ರೈತನೊಬ್ಬನು ಸಂಡೂರಿಗೇ ಬಂದು ತಂಡವನ್ನು ಕೂಡಿಕೊಂಡಿದ್ದನು. ಹೊಸಪೇಟೆಗೆ ಇನ್ನೂ ಕೆಲವು ಮೈಲಿ ಇರುವಾಗ, ಬೆಳ್ಳಿಚುಕ್ಕೆ ಮೂಡಿದ ಹೊತ್ತಿನಲ್ಲಿ, ಎದುರಿನ ವಾಹನಕ್ಕೆ ಎಡೆಗೊಡಲು ಬದಿಗೆ ಸರಿದ ಲಾರಿಯೊಂದರ ಹಿಂಭಾಗ ಅವನಿಗೆ ತಗುಲಿತು. ಪ್ರಾಣ ಉಳಿಯಿತು, ಬಲಗಾಲು ಉಳಿಯಲಿಲ್ಲ. ಆ ವರ್ಷ ತಂಡವು ಹೊಸಪೇಟೆಯಿಂದಲೇ ಹಿಂದಿರುಗಿತು. ಆಸ್ಪತ್ರೆಯಲ್ಲಿ ಅವನ ತಾಯಿ ಮಾಸ್ತರರನ್ನು ಬಯ್ಯಲಿಲ್ಲ. “ಮಾಸ್ತರೆ, ಮಲ್ಲಯ್ಯ ಕರೆಸಿಕೊಳ್ಳಲಿಲ್ಲ, ಅಷ್ಟೇ” ಎಂದಳು. ಬಯ್ದಿದ್ದರೆ ಅವರಿಗೆ ಅಷ್ಟು ನೋವಾಗುತ್ತಿರಲಿಲ್ಲ. ತಪ್ಪನ್ನು ದೇವರ ಮೇಲೆ ಹೊರಿಸಲು ಆ ತಾಯಿಗೆ ಭಕ್ತಿಯಿತ್ತು. ತಮಗೆ ಆ ಆಸರೆಯಿಲ್ಲವೆಂದು ಮಾಸ್ತರರಿಗೆ ತೋರಿತು. ಮಲ್ಲಯ್ಯನು ಲಾರಿಯ ದಾರಿಯಲ್ಲಿ ನಡೆಯಿರೆಂದು ಯಾರಿಗೂ ಹೇಳಿರಲಿಲ್ಲವಷ್ಟೆ.

ಮಳೆಗಾಲ ಕಳೆಯಿತು. ಮಾಸ್ತರರು ತಮ್ಮ ಹಳೆಯ ಟ್ರಂಕನ್ನು ತೆರೆದು ಸರ್ವೇ ಇಲಾಖೆಯ ನಕ್ಷೆಗಳನ್ನು ಹೊರತೆಗೆದರು. ಆ ನಕ್ಷೆಗಳಲ್ಲಿ ಕಾಲುದಾರಿಗಳನ್ನು ಕೆಂಪು ತುಂಡುಗೆರೆಗಳಿಂದ ತೋರಿಸಿರುತ್ತಾರೆ. ಮೂವತ್ತು ವರ್ಷ ಮಕ್ಕಳಿಗೆ ಆ ಗೆರೆಗಳನ್ನು ಗುರುತಿಸಲು ಕಲಿಸಿದವರು, ಈಗ ಅವು ನೆಲದ ಮೇಲೆ ಉಳಿದಿವೆಯೇ ಎಂದು ನೋಡಲು ಹೊರಟರು. ಕೈಯಲ್ಲೊಂದು ಕೋಲು, ಹೆಗಲಲ್ಲಿ ನೀರಿನ ಬುರುಡೆ, ಜೊತೆಗೆ ಒಬ್ಬಿಬ್ಬರು ಹಳೆಯ ವಿದ್ಯಾರ್ಥಿಗಳು.

ಮೊದಲು ಸಂಡೂರಿನ ಕಡೆಯನ್ನು ನೋಡಿದರು. ಸಂಡೂರೆಂದರೆ ಎರಡು ಬೆಟ್ಟಸಾಲುಗಳ ನಡುವಿನ ಕಣಿವೆ. ನಾರಿಹಳ್ಳವು ಪಡುವಣ ಸಾಲನ್ನು ಭೀಮಗಂಡಿಯಲ್ಲಿ ಸೀಳಿ ಒಳಬಂದು, ಮೂಡಣ ಸಾಲನ್ನು ಓಬಳಗಂಡಿಯಲ್ಲಿ ಸೀಳಿ ಹೊರಹೋಗುತ್ತದೆ. ನೀರು ತನ್ನ ದಾರಿಯನ್ನು ತಾನೇ ಕಂಡುಕೊಂಡ ಪರಿಯನ್ನು ನೋಡಬೇಕಾದರೆ ಈ ಗಂಡಿಗಳಿಗೆ ಹೋಗಬೇಕು. ಮಳೆ ಬಿದ್ದ ಮೇಲೆ ಈ ಬೆಟ್ಟಗಳ ಹಸಿರನ್ನು ಕಂಡವರು ಬಯಲುಸೀಮೆಯಲ್ಲಿದ್ದೇವೆಂಬುದನ್ನೇ ಮರೆಯುತ್ತಾರೆ. ಆದರೆ ನಕ್ಷೆಯ ಕೆಂಪು ಗೆರೆಗಳು ಇಲ್ಲಿ ಮೋಸಮಾಡಿದವು. ಒಂದು ಗೆರೆ ಗಣಿಯ ಬೇಲಿಗೆ ಹೋಗಿ ಮುಟ್ಟಿತು. ಇನ್ನೊಂದು, ಬೆಟ್ಟದ ನೆತ್ತಿಯೇ ಇಲ್ಲವಾದ ಕಡೆ ಗಾಳಿಯಲ್ಲಿ ತೂಗಾಡುವಂತೆ ನಿಂತುಹೋಯಿತು. ಮತ್ತೊಂದು ದಟ್ಟವಾದ ಕಾಡಿನೊಳಗೆ ಹೊಕ್ಕಿತು; ಅದು ಕರಡಿ, ಚಿರತೆಗಳ ನೆಲೆ, ಮೇಲಾಗಿ ಮೀಸಲು ಅರಣ್ಯ. ಅರುವತ್ತು ಜನರನ್ನು, ಅದರಲ್ಲಿ ಅರ್ಧದಷ್ಟು ಮುದುಕರನ್ನು, ನೀರಿಲ್ಲದ ಆ ದಾರಿಯಲ್ಲಿ ಕರೆದೊಯ್ಯುವುದು ವಿವೇಕವಲ್ಲವೆಂದು ಮಾಸ್ತರರು ನಿರ್ಧರಿಸಿದರು. ದಾರಿಯನ್ನು ಹುಡುಕುವವನಿಗೆ ‘ಇಲ್ಲಿ ದಾರಿಯಿಲ್ಲ’ ಎಂದು ಒಪ್ಪಿಕೊಳ್ಳುವ ಧೈರ್ಯವೂ ಬೇಕು.

ಹಾಗಾದರೆ ಸಂಡೂರಿನವರು ಏನು ಮಾಡಬೇಕು? ಹೊಸಪೇಟೆಯವರೆಗೆ ಬಸ್ಸಿನಲ್ಲಿ ಬಂದು ಅಲ್ಲಿಂದ ನಡೆಯಲಿ ಎಂದು ಮಾಸ್ತರರು ಸೂಚಿಸಿದರು. ಈ ಮಾತು ಕೇಳಿ ಸಭೆಯಲ್ಲಿ ಗುಜುಗುಜು ಎದ್ದಿತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಎದ್ದು ನಿಂತು, “ಹರಕೆ ಹೊತ್ತದ್ದು ಕಾಲು, ಬಸ್ಸಲ್ಲ. ನಾನು ಬಸ್ಸು ಹತ್ತಂಗಿಲ್ಲ ಮಾಸ್ತರೆ” ಎಂದಳು. ಮಾಸ್ತರರು ನಕ್ಕು, “ಆಗಲಿ ಯವ್ವಾ, ಸಂಡೂರಿಂದ ಹೊಸಪೇಟೆಗೆ ಎಷ್ಟು ದೂರ? ಮೂವತ್ತು ಕಿಲೋಮೀಟರು ಅನ್ನು. ಹೊರಡುವುದಕ್ಕೆ ಹತ್ತು ದಿನ ಮೊದಲಿಂದ ದಿನಕ್ಕೆ ಮೂರು ಕಿಲೋಮೀಟರು ನಿಮ್ಮೂರ ಹಳ್ಳದ ಕಡೆ ನಡೆದುಬಿಡು. ಮಲ್ಲಯ್ಯ ಲೆಕ್ಕ ತಪ್ಪುವವನಲ್ಲ” ಎಂದರು. ಅಜ್ಜಿ ತುಸು ಹೊತ್ತು ಯೋಚಿಸಿ ಒಪ್ಪಿದಳು. ಹತ್ತು ದಿನ ತಪ್ಪದೆ ನಡೆದಳು ಕೂಡ. ಅವಳನ್ನು ನೋಡಿ ಓಣಿಯ ಉಳಿದವರೂ ನಡೆದರು.

ಹೊಸಪೇಟೆಯಿಂದ ಮುಂದಿನ ಹಾದಿಯಲ್ಲಿ ನಕ್ಷೆಯು ಕೈಬಿಡಲಿಲ್ಲ. ಅದಕ್ಕೆ ಕಾರಣ ವಿಜಯನಗರದ ಕಾಲುವೆಗಳು. ತುಂಗಭದ್ರೆಗೆ ಅಲ್ಲಲ್ಲಿ ಕಲ್ಲಿನ ಅಡ್ಡಗಟ್ಟೆಗಳನ್ನು ಕಟ್ಟಿ ಅರಸರು ಎಳೆದ ಕಾಲುವೆಗಳಲ್ಲಿ ರಾಯ, ಬಸವಣ್ಣ, ಬೆಲ್ಲ, ತುರ್ತು, ರಾಮಸಾಗರ, ಕಂಪ್ಲಿ, ಸಿರುಗುಪ್ಪ ಮೊದಲಾದವು ಇಂದಿಗೂ ಹರಿಯುತ್ತಿವೆ. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟೆಗೆ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಂತಾಗ ಅನೇಕ ಹಳ್ಳಿಗಳೊಡನೆ ಅನೇಕ ಹಳೆಯ ದಾರಿಗಳೂ ಮುಳುಗಿದವು. ಆದರೆ ಅಣೆಕಟ್ಟೆಯ ಕೆಳಗಿನ ಈ ಕಾಲುವೆಗಳು ಬದುಕಿದವು. ಕಾಲುವೆಯಿದ್ದಲ್ಲಿ ದಂಡೆಯುಂಟು, ದಂಡೆಯಿದ್ದಲ್ಲಿ ನೀರುಗಂಟಿಯ ಓಡಾಟವುಂಟು, ಅವನ ಹೆಜ್ಜೆಯಿಂದ ಕಾಲುದಾರಿಯುಂಟು. ಬಾಳೆ, ಕಬ್ಬು, ಭತ್ತದ ಹಸಿರಿನ ನಡುವೆ ತಂಗಾಳಿ ಬೀಸುವ ದಾರಿ. ನೀರಿಗೆ ಬರವಿಲ್ಲ, ನೆರಳಿಗೆ ಕೊರತೆಯಿಲ್ಲ.

ಮಾಸ್ತರರು ಆ ದಾರಿಯನ್ನು ಮೂರು ಸಲ ನಡೆದು ನೋಡಿದರು. ಹೊಸಪೇಟೆಯನ್ನು ಬಿಟ್ಟು ಅನಂತಶಯನಗುಡಿಯನ್ನು ದಾಟಿದ ಮೇಲೆ ತೋಟಗಳ ನಡುವಿನ ದಾರಿಗೆ ಇಳಿಯುವುದು. ಹಂಪಿಯಲ್ಲಿ ವಿರೂಪಾಕ್ಷನ ದರ್ಶನ. ಅಲ್ಲಿಂದ ಬಜಾರಿನ ಕೊನೆಯ ಏಕಶಿಲಾ ನಂದಿಯ ಬಳಿ ಹೊಳೆಯ ದಡವನ್ನು ಹಿಡಿದು, ಕೋದಂಡರಾಮನ ಗುಡಿಯ ಮುಂದೆ ಹಾಯ್ದು, ತುಲಾಭಾರದ ಕಂಬಗಳನ್ನು ಕಳೆದು ವಿಠ್ಠಲನ ಗುಡಿಗೆ ಬರುವುದು. ಈ ತುಂಡಿನಲ್ಲಿ ಒಂದು ಚಕ್ರವೂ ಉರುಳುವುದಿಲ್ಲ. ಹೆಬ್ಬಂಡೆಗಳ ನಡುವೆ ಅರಸರ ಕಾಲದಲ್ಲಿ ಹೇಗೆ ನಡೆಯುತ್ತಿದ್ದರೋ ಇಂದಿಗೂ ಹಾಗೆಯೇ ನಡೆಯಬೇಕು. ಮುಂದೆ ನಿಂಬಾಪುರ, ವೆಂಕಟಾಪುರ, ಬುಕ್ಕಸಾಗರ, ರಾಮಸಾಗರಗಳ ಹೊಲದ ಅಂಚುಗಳಲ್ಲಿಯೂ ಕಾಲುವೆಯ ದಂಡೆಗಳಲ್ಲಿಯೂ ಸಾಗಿ ಕಂಪ್ಲಿಯನ್ನು ಸೇರುವುದು. ಎರಡು ಮೂರು ಕಡೆ ರಸ್ತೆಯನ್ನು ಅಡ್ಡ ಹಾಯಬೇಕು. ಹಾಯುವುದು ಬೇರೆ, ಅದರ ಮೇಲೆಯೇ ನಡೆಯುವುದು ಬೇರೆ.

ದಾರಿ ಸಿಕ್ಕಿತೆಂದ ಮಾತ್ರಕ್ಕೆ ಜನ ಸಿಗುವುದಿಲ್ಲ. ಹೊಸ ದಾರಿಗೆ ಮೊದಲ ಆಕ್ಷೇಪವು ಬಂದುದು ಭಕ್ತಿಯ ಮನೆಯಿಂದಲೇ. ರಸ್ತೆಯ ಬದಿಯಲ್ಲಿ ಪ್ರತಿವರ್ಷ ಪೆಂಡಾಲು ಹಾಕಿ ಯಾತ್ರಿಕರಿಗೆ ಪ್ರಸಾದ ಮಾಡಿಸುತ್ತಿದ್ದ ವರ್ತಕರೊಬ್ಬರು ನೊಂದು ನುಡಿದರು: “ಮಾಸ್ತರೆ, ನೀವು ಹಾದಿ ತಿರುಗಿಸಿದರೆ ನಮ್ಮ ಪೆಂಡಾಲಿಗೆ ಯಾರು ಬರ್ತಾರ್ರೀ? ನಮ್ಮ ಅಪ್ಪನ ಕಾಲದಿಂದ ನಡೆಸಿಕೊಂಡು ಬಂದ ದಾಸೋಹ.” ಇನ್ನೊಬ್ಬರು, ರಸ್ತೆಯಲ್ಲಾದರೆ ಯಾರಿಗಾದರೂ ಮೈಗೆ ನೆಟ್ಟಗಿಲ್ಲದಾಗ ಗಾಡಿ ಸಿಗುತ್ತದೆ, ಹೊಲದ ನಡುವೆ ಏನು ಸಿಗುತ್ತದೆ ಎಂದರು. ದರೋಜಿಯ ಕರಡಿಗಳು ಕಬ್ಬಿನ ಹೊಲಗಳವರೆಗೆ ಬರುವುದುಂಟೆಂದು ಮತ್ತೊಬ್ಬರು ನೆನಪಿಸಿದರು. ಇವು ಹುಸಿ ಆಕ್ಷೇಪಗಳಲ್ಲ. ದರೋಜಿಯ ಬಳಿ 1994ರಲ್ಲಿ ಕರಡಿಧಾಮವೇ ಸ್ಥಾಪಿತವಾಗಿದೆ. ಬಂಡೆಗುಡ್ಡಗಳ ಈ ಸೀಮೆ ಕರಡಿಗಳ ಹುಟ್ಟುನೆಲೆ.

ಮಾಸ್ತರರು ಎಲ್ಲವನ್ನೂ ಕೇಳಿ ಒಂದೇ ಮಾತು ಹೇಳಿದರು: “ಕರಡಿ ಇಳಿಯುವುದು ಕತ್ತಲೆಯಲ್ಲಿ. ನಾವು ಇನ್ನು ಮುಂದೆ ಕತ್ತಲೆಯಲ್ಲಿ ನಡೆಯುವುದಿಲ್ಲ.” ಹೊಸ ದಾರಿಯ ಸಾರವೆಲ್ಲ ಈ ಮಾತಿನಲ್ಲಿತ್ತು. ದಾರಿ ಬದಲಿಸುವುದು ಚೆಲುವನ್ನು ನೋಡುವುದಕ್ಕಲ್ಲ. ಮಣ್ಣಿನ ಮೇಲೆ, ಮರದ ನೆರಳಿನಲ್ಲಿ, ಬೆಳಕು ಹರಿದ ಮೇಲೆ ಹೊರಟು ಬಿಸಿಲೇರುವ ಮೊದಲು ತಂಗಿ, ಇಳಿಹೊತ್ತಿನಲ್ಲಿ ಮತ್ತೆರಡು ತಾಸು ನಡೆದು ದೀಪ ಹಚ್ಚುವ ಮೊದಲು ಊರು ಸೇರುವುದಕ್ಕೆ. ರಸ್ತೆಯು ಕಸಿದುಕೊಂಡಿದ್ದ ಹಗಲನ್ನು ಯಾತ್ರಿಕನಿಗೆ ಹಿಂದಿರುಗಿಸುವುದಕ್ಕೆ. ವರ್ತಕರಿಗೆ ಅವರು ಬೇರೆಯಾಗಿ, “ಸಾಹುಕಾರ್ರೇ, ದಾಸೋಹ ಇರುವುದು ಪೆಂಡಾಲಿನಲ್ಲೋ, ಹಸಿದವನಿದ್ದಲ್ಲೋ?” ಎಂದು ಮೆಲ್ಲಗೆ ಕೇಳಿದರಂತೆ. ಆ ವರ್ಷ ಪೆಂಡಾಲು ಬುಕ್ಕಸಾಗರದ ಹುಣಿಸೆಮರಗಳ ಕೆಳಗೆ ಬಂದಿತು.

ಇದೇ ದಿನಗಳಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಅಮೆರಿಕೆಯಿಂದ ರಜೆಗೆ ಬಂದಿದ್ದನು. ಮಾಸ್ತರರ ನಕ್ಷೆಗಳನ್ನು ಕಂಡು, “ಗುರುಗಳೇ, ಅಲ್ಲಿಯೂ ಇದೇ ಕಥೆ ನಡೆದಿದೆ” ಎಂದು ಒಂದು ವೃತ್ತಾಂತವನ್ನು ಹೇಳಿದನು. ಆ ದೇಶದ ಮೂಡಣ ಭಾಗದಲ್ಲಿ ಅಪಲೇಚಿಯನ್ ಎಂಬ ಬೆಟ್ಟಸಾಲಿದೆ. ಅದರ ನೆತ್ತಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಕಾಲುದಾರಿಯೊಂದು ಇರಬೇಕೆಂದು ಬೆಂಟನ್ ಮೆಕೈ ಎಂಬವನು 1921ರಲ್ಲಿ ಬರೆದನು. ಊರೂರಿನ ನಡಿಗೆಯ ಸಂಘಗಳವರು ಸಂಬಳವಿಲ್ಲದೆ ದುಡಿದು 1937ರಲ್ಲಿ ಅದನ್ನು ಪೂರ್ಣಗೊಳಿಸಿದರು. ಆದರೆ ದಾರಿಯ ಎಷ್ಟೋ ತುಂಡುಗಳು ಮೋಟಾರು ರಸ್ತೆಗಳ ಮೇಲೆಯೇ ಇದ್ದವು. ವರ್ಜೀನಿಯಾ ಪ್ರಾಂತದಲ್ಲಿ ಬೆಟ್ಟದ ನೆತ್ತಿಯ ಮೇಲೆ ಹೊಸ ವಿಹಾರರಸ್ತೆ ಬಂದಾಗ ಕಾಲುದಾರಿ ಅಲ್ಲಿಂದ ಎದ್ದು ಬೇರೆ ಕಾಡಿಗೆ ಸರಿಯಬೇಕಾಯಿತು. ಕಡಿದ ಕೊಂಡಿಗಳು ಮತ್ತೆ ಕೂಡುವ ವೇಳೆಗೆ 1951 ಆಗಿತ್ತು. 1968ರಲ್ಲಿ ಅಲ್ಲಿನ ಸಂಸತ್ತು ಇಂತಹ ದಾರಿಗಳನ್ನು ಕಾಯುವ ಕಾನೂನನ್ನು ಮಾಡಿತು; 1978ರಲ್ಲಿ ನೆಲ ಕೊಳ್ಳಲು ಹೆಚ್ಚಿನ ಹಣವನ್ನೂ ಅಧಿಕಾರವನ್ನೂ ಒದಗಿಸಿತು. ವರ್ಷವರ್ಷಕ್ಕೂ ಒಂದೊಂದು ತುಂಡನ್ನು ರಸ್ತೆಯಿಂದ ಬಿಡಿಸಿ ಕಾಡಿನೊಳಕ್ಕೆ ಒಯ್ದುದರಿಂದ, ಸುಮಾರು 3,500 ಕಿಲೋಮೀಟರು ಉದ್ದದ ಆ ದಾರಿಯ ಬಹುಭಾಗ ಇಂದು ಚಕ್ರದ ಹಂಗಿಲ್ಲದೆ ಸಾಗುತ್ತದೆ. ಇದನ್ನೆಲ್ಲ ಕೇಳಿ ಮಾಸ್ತರರು, “ಅಷ್ಟು ವರ್ಷ ಹಿಡಿಯಿತೇ?” ಎಂದು ಕೇಳಿದರು. ಶಿಷ್ಯನು ಹೌದೆಂದಾಗ ಅವರಿಗೆ ನಿರಾಶೆಯಾಗಲಿಲ್ಲ, ಸಮಾಧಾನವೇ ಆಯಿತು. ಧನಬಲವೂ ಕಾನೂನಿನ ಬಲವೂ ಇದ್ದವರಿಗೆ ಅಷ್ಟು ಕಾಲ ಬೇಕಾದರೆ, ಕೋಲು ಮತ್ತು ನೀರಿನ ಬುರುಡೆ ಮಾತ್ರವಿದ್ದವರು ಅವಸರಪಡುವುದೇಕೆ?

ದೂರದ ದೇಶವೇಕೆ, ಹಂಪಿಯಲ್ಲಿಯೇ ದಾರಿಯನ್ನು ಬದಲಿಸಿದ ನಿದರ್ಶನವೊಂದು ಕಣ್ಣಮುಂದಿದೆ. ತಳವಾರಘಟ್ಟದಿಂದ ಆನೆಗೊಂದಿಗೆ ಹರಿಗೋಲಿನಲ್ಲಿ ದಾಟುತ್ತಿದ್ದ ಕಡವಿನ ಬಳಿ ಮೋಟಾರು ಸೇತುವೆಯನ್ನು ಕಟ್ಟತೊಡಗಿದಾಗ, 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದ ಹಂಪಿಯು 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. 2006ರಲ್ಲಿ ಆ ಪಟ್ಟಿಯಿಂದ ಹೊರಬಂದಿತು. ಆ ಸೇತುವೆಯು 2009ರ ಜನವರಿಯಲ್ಲಿ ಇನ್ನೂ ಕಟ್ಟುತ್ತಿರುವಾಗಲೇ ಕುಸಿದುಬಿದ್ದು, ಕೂಲಿಗೆ ಬಂದ ಕೆಲಸಗಾರರು ಪ್ರಾಣ ಕಳೆದುಕೊಂಡರು. ಮುಂದೆ ಬುಕ್ಕಸಾಗರ, ಕಡೆಬಾಗಿಲುಗಳ ನಡುವೆ ಬೇರೆ ಸೇತುವೆ ಬಂದಿತು. ಕೋಟಿಗಟ್ಟಲೆ ವೆಚ್ಚದ ಮೋಟಾರು ದಾರಿಯನ್ನೇ ಸರಿಸಬಹುದಾದರೆ, ಒಂದು ಕಾಸೂ ಬೇಡದ ಕಾಲುದಾರಿಯನ್ನು ಸರಿಸಲು ಅಡ್ಡಿಯೇನು? ಅಡ್ಡಿ ಹಣದ್ದಲ್ಲ, ಗಮನದ್ದು. ಸೇತುವೆಗೆ ಕೇಳುವವರಿದ್ದಾರೆ, ಕಾಲುದಾರಿಗೆ ಇಲ್ಲ.

ಮರುವರ್ಷದ ಉಗಾದಿಗೆ ತಂಡವು ಹೊಸ ದಾರಿಯಲ್ಲಿ ಹೊರಟಿತು. ಮೊದಲ ದಿನ ಎಲ್ಲರ ಮುಖದಲ್ಲಿಯೂ ಅನುಮಾನವಿತ್ತು. ವಿಠ್ಠಲನ ಗುಡಿಯನ್ನು ದಾಟುವಷ್ಟರಲ್ಲಿ ಯಾರೋ ಒಬ್ಬರು ಭಜನೆಯ ಪದವನ್ನು ಎತ್ತಿಕೊಂಡರು. ಆಗ ಎಲ್ಲರಿಗೂ ಒಂದು ಸಂಗತಿ ಹೊಳೆಯಿತು: ಇಷ್ಟು ವರ್ಷ ರಸ್ತೆಯಲ್ಲಿ ನಡೆದಾಗ ಯಾರೂ ನಡೆಯುತ್ತ ಹಾಡಿರಲಿಲ್ಲ. ಹಾರನ್ನಿನ ಸದ್ದಿಗೆ ಕಿವಿಗೊಟ್ಟು, ಸಾಲಾಗಿ ಒಬ್ಬರ ಬೆನ್ನು ಒಬ್ಬರು ನೋಡುತ್ತ ನಡೆದವರಿಗೆ ಹಾಡಲು ಉಸಿರೂ ಇರಲಿಲ್ಲ, ಮಾತಾಡಲು ಬಿಡುವೂ ಇರಲಿಲ್ಲ. ದಂಡೆಯ ಮೇಲೆ ಇಬ್ಬಿಬ್ಬರಾಗಿ ನಡೆದರು, ಅತ್ತೆಸೊಸೆಯರು ಮಾತಾಡಿಕೊಂಡರು, ಸಂಡೂರಿನ ಅಜ್ಜಿ ಬಾಳೆಯ ತೋಟದವನಿಗೆ ಗೊನೆ ಕಡಿಯುವ ಬಗೆಯನ್ನು ಕುರಿತು ಉಪದೇಶ ಮಾಡಿದಳು. ಯಾತ್ರೆಯೆಂದರೆ ಕೊನೆಯ ದರ್ಶನವೊಂದೇ ಅಲ್ಲ, ಜೊತೆಯಲ್ಲಿ ನಡೆದುದೂ ಯಾತ್ರೆಯೇ ಎಂಬುದನ್ನು ಆ ತಂಡವು ಮೊದಲ ಬಾರಿಗೆ ಅರಿಯಿತು.

ಎರಡನೆಯ ದಿನ ಕಂಪ್ಲಿಯ ಸಮೀಪ ಕಾಲುವೆಯ ದಂಡೆಯಲ್ಲಿ ಒಬ್ಬನು ಹೊಂಗೆಯ ಮರದ ಕೆಳಗೆ ಕುಳಿತಿದ್ದನು. ಮುಂದೆ ಎರಡು ದೊಡ್ಡ ಕೊಡಗಳಲ್ಲಿ ಮಜ್ಜಿಗೆ, ಪಕ್ಕದಲ್ಲಿ ಊರುಗೋಲು. ಹಿಂದಿನ ವರ್ಷ ಕಾಲು ಕಳೆದುಕೊಂಡ ಯುವಕ. ಹೊಸ ದಾರಿ ಅವನ ಹೊಲದ ಅಂಚಿನಲ್ಲಿಯೇ ಹಾಯುತ್ತಿತ್ತು. ಮಾಸ್ತರರು ಅದನ್ನು ಬೇಕೆಂದೇ ಹಾಗೆ ಹಾಯಿಸಿದರೋ, ನೆಲದ ಇಳಿಜಾರು ಹಾಗೆ ಹಾಯಿಸಿತೋ, ಅವರು ಎಂದೂ ಹೇಳಲಿಲ್ಲ. ಹುಡುಗನು ಒಬ್ಬೊಬ್ಬರಿಗೂ ಲೋಟ ತುಂಬಿ ಕೊಟ್ಟು, ಕೊನೆಗೆ ಮಾಸ್ತರರ ಕಡೆ ತಿರುಗಿ, “ಸರ, ನಾನು ಬರಲಾಗದಿದ್ದರೆ ಏನಾಯಿತು, ಯಾತ್ರೆನೇ ನಮ್ಮ ಹೊಲಕ್ಕೆ ಬಂತಲ್ರೀ” ಎಂದನು. ಮಾಸ್ತರರು ಮಜ್ಜಿಗೆ ಕುಡಿದು, ಲೋಟವನ್ನು ಕೈಯಲ್ಲಿಯೇ ಹಿಡಿದುಕೊಂಡು ಬಹಳ ಹೊತ್ತು ಕಾಲುವೆಯ ನೀರನ್ನು ನೋಡುತ್ತ ನಿಂತಿದ್ದರು.

ಕಂಪ್ಲಿಯಿಂದ ಮುಂದೆ ಸಿರುಗುಪ್ಪ ಕಳೆದು ಆತ್ಮಕೂರಿನವರೆಗೆ ಮತ್ತೆ ರಸ್ತೆಯೇ ಗತಿ. ಅಲ್ಲಿ ಇವರ ನಕ್ಷೆಯೂ ಇಲ್ಲ, ಪರಿಚಯವೂ ಇಲ್ಲ. ಆದರೆ ಆತ್ಮಕೂರಿನ ಬಳಿಯ ವೆಂಕಟಾಪುರದಲ್ಲಿ ರಸ್ತೆಯು ಹಿಂದೆ ಉಳಿದು ನಲ್ಲಮಲೆಯ ಕಾಡು ಎದುರಾಗುತ್ತದೆ. ನಾಗಲೂಟಿಯ ವೀರಭದ್ರ, ಪೆದ್ದಚೆರುವು, ಮಠಂಬಾವಿ, ಭೀಮುನಿಕೊಲನು, ಕೈಲಾಸದ್ವಾರ - ಹೀಗೆ 40 ಕಿಲೋಮೀಟರಿಗೂ ಹೆಚ್ಚಿನ ಕಾಲುದಾರಿ. ಮೋಟಾರಿನಲ್ಲಿ ಹೋಗುವವರು ದೋರ್ನಾಲವನ್ನು ಸುತ್ತಿ 100 ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ನಡೆಯುವವನಿಗೆ ಕಾಡೇ ಹತ್ತಿರದ ಹಾದಿ. ಅದು ಹುಲಿಗಳ ರಕ್ಷಿತಾರಣ್ಯ. ಚೆಂಚು ಜನರ ತವರು. ಮಹಾಶಿವರಾತ್ರಿ, ಉಗಾದಿಗಳ ಹೊತ್ತಿನಲ್ಲಿ ಅರಣ್ಯ ಇಲಾಖೆಯವರು ಗೊತ್ತಾದ ದಿನಗಳಲ್ಲಿ ಮಾತ್ರ ಯಾತ್ರಿಕರನ್ನು ಬಿಡುತ್ತಾರೆ. ಹಾದಿಯುದ್ದಕ್ಕೂ ನೀರು, ಅನ್ನ, ಔಷಧಗಳ ಏರ್ಪಾಟು ನಡೆಯುತ್ತದೆ. ಕಡಿದಾದ ಕಲ್ಲಿನ ಮೆಟ್ಟಿಲುಗಳನ್ನು ಇಳಿದು ಭೀಮುನಿಕೊಲನಿನಲ್ಲಿ ಕಾಲು ತೊಳೆದು, ಮತ್ತೆ ಏರಿ ಕೈಲಾಸದ್ವಾರದಲ್ಲಿ ನಿಂತಾಗ, ಇಡೀ ಯಾತ್ರೆಯಲ್ಲಿ ಅತ್ಯಂತ ಕಠಿಣವೆನಿಸುವ ಆ ದಾರಿಯೇ ಅತ್ಯಂತ ಸುಗಮವೆಂದು ಹೇಳದ ಯಾತ್ರಿಕನಿಲ್ಲ. ಕಾಡು ಅಂಜಿಸುತ್ತದೆ, ಆದರೆ ಅಂಜಿಸಿ ಎಚ್ಚರಗೊಳಿಸುತ್ತದೆ. ರಸ್ತೆಯು ಅಂಜಿಸುವುದೇ ಇಲ್ಲ. ಹಿಂದಿನಿಂದ ಬಂದು ಹೊಡೆಯುತ್ತದೆ.

2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಲಾರಿಗಳು ಒಮ್ಮೆಲೇ ಮಾಯವಾದವು. ಇನ್ನು ರಸ್ತೆಯಲ್ಲಿಯೇ ನಡೆಯಬಹುದಲ್ಲ ಎಂದು ಕೆಲವರು ಅಂದರು. ಮಾಸ್ತರರು ಒಪ್ಪಲಿಲ್ಲ. ಬಳಿಕ ನ್ಯಾಯಾಲಯವು ಮಿತಿಗಳನ್ನು ಹಾಕಿ ಗಣಿಗಳಿಗೆ ಹಂತಹಂತವಾಗಿ ಅನುಮತಿ ಕೊಟ್ಟಿತು; ಲಾರಿಗಳೂ ಹಿಂದಿರುಗಿದವು. ಅಷ್ಟರಲ್ಲಿ ದಂಡೆಯ ದಾರಿಯು ಹತ್ತಾರು ತಂಡಗಳ ಹೆಜ್ಜೆಗೆ ಹದವಾಗಿತ್ತು. 2021ರಲ್ಲಿ ಹೊಸಪೇಟೆಯು ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಕಾಲುದಾರಿಗೆ ಈ ಗಡಿ ತಿಳಿಯದು.

ಕಾಲುದಾರಿಯ ಸ್ವಭಾವವೇ ಹೀಗೆ. ಅದನ್ನು ಕಟ್ಟಿ ಮುಗಿಸಿದೆವೆಂದು ಶಿಲಾಫಲಕ ನೆಡುವಂತಿಲ್ಲ. ನಡೆದಷ್ಟು ಕಾಲ ಅದು ಇರುತ್ತದೆ. ಎರಡು ಮಳೆಗಾಲ ಯಾರೂ ನಡೆಯದಿದ್ದರೆ ಜಾಲಿ ಬೆಳೆದು ಮುಚ್ಚಿಹೋಗುತ್ತದೆ. ಶರಣರು ಸ್ಥಾವರ, ಜಂಗಮಗಳ ಭೇದವನ್ನು ತಿಳಿಸಿದ ನಾಡಿನಲ್ಲಿ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದಾನಿಗಳಾದವರು ಇಲ್ಲಿ ಕಟ್ಟಡದ ಮಾತನ್ನು ಎತ್ತಬೇಕಾಗಿಲ್ಲ. ಎರಡು ಕಿಲೋಮೀಟರಿಗೊಂದು ಬೇವಿನ ಸಸಿ, ಅದು ಮರವಾಗುವವರೆಗೆ ಒಂದು ಬೇಲಿ, ಬೇಸಗೆಯಲ್ಲೊಂದು ಅರವಟ್ಟಿಗೆ, ರಸ್ತೆಯನ್ನು ಹಾಯುವ ಕಡೆ ಒಂದು ಎಚ್ಚರಿಕೆಯ ಫಲಕ - ಇಷ್ಟು ಸಾಕು. ಉಪಾಧ್ಯಾಯರಾದವರು ವರ್ಷಕ್ಕೊಂದು ದಿನ ಮಕ್ಕಳನ್ನು ಆ ದಂಡೆಯ ಮೇಲೆ ನಡೆಸಿಕೊಂಡು ಹೋಗಿ, ‘ಇದಕ್ಕೆ ನಮ್ಮ ಹಿರಿಯರು ಬಟ್ಟೆ ಎಂದು ಕರೆಯುತ್ತಿದ್ದರು’ ಎಂದು ತೋರಿಸಿದರೆ ಸಾಕು. ಅಂದು ಮಕ್ಕಳು ನಗುವುದಿಲ್ಲ.

ಮಾಸ್ತರರಿಗೆ ಈಗ ದೂರ ನಡೆಯಲಾಗುವುದಿಲ್ಲ. ಉಗಾದಿಯ ಮುಂಚೆ ಕಂಪ್ಲಿಗೆ ಹೋಗಿ, ಹೊಂಗೆಯ ಮರದ ಕೆಳಗೆ ಆ ಯುವಕನ ಪಕ್ಕದಲ್ಲಿ ಕುಳಿತು, ಬರುವವರಿಗೆ ಮಜ್ಜಿಗೆಯ ಲೋಟ ಕೊಡುತ್ತಾರೆ. ತಂಡವು ದಂಡೆಯ ತಿರುವಿನಲ್ಲಿ ಮರೆಯಾಗುವವರೆಗೆ ಇಬ್ಬರೂ ಎಣಿಸುತ್ತಾರೆ. ಹಿಂದಿರುಗುವಾಗ ಮತ್ತೆ ಎಣಿಸುತ್ತಾರೆ. ಹೋದಷ್ಟು ಮಂದಿ ಬಂದರೆ ಅವರ ಉಗಾದಿ.